ಕಟ್ಟಡ ನೋಡೋಕಂತಲೇ ಪ್ರವಾಸ: ಪಟ್ಟಿ ಉದ್ದ, ದಿನ ಕಮ್ಮಿ. ಮೊದಲು ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು?

ಮೂಲೆಗಲ್ಲು

9 ದಿನ, ಮೂರು ಊರು, ಪಟ್ಟಿಯಲ್ಲಿ 22 ಕಟ್ಟಡ. ಹಳೆಯ ದೇವಾಲಯ, ಮೆಟ್ಟಿಲುಬಾವಿ, ಚರ್ಚು, 20ನೇ ಶತಮಾನದ ಮನೆಗಳು, ಎರಡು ಸರಕಾರಿ ಕಟ್ಟಡ, ಎಲ್ಲಾ ಕಲಸುಮೇಲೋಗರ. ಮ್ಯಾಪಿನಲ್ಲಿ ಪಿನ್ ಹಾಕಿ ಹತ್ತಿರ ಹತ್ತಿರದ್ದನ್ನು ಒಂದೊಂದು ದಿನಕ್ಕೆ ಹಂಚಿದರೆ ದಿನಕ್ಕೆ ಸರಾಸರಿ ಎರಡೂವರೆ ಬರುತ್ತೆ. ಲೆಕ್ಕಕ್ಕೇನೋ ಸರಿ ಕಾಣುತ್ತೆ. ಎಲ್ಲಿ ಕೈ ಕೊಡಬಹುದು, ತಿಳಿದವರು ಹೇಳಿ.

ಕಮಾನುಗಲ್ಲು

ಕೈ ಕೊಡುವುದು ಪಿನ್ನಿನಲ್ಲೇ. ಮ್ಯಾಪು ದೂರ ಹೇಳುತ್ತೆ. ಬಾಗಿಲು ಯಾವತ್ತು, ಎಷ್ಟು ಹೊತ್ತಿಗೆ, ಯಾರಿಗೆ ತೆಗೆಯುತ್ತೆ ಅನ್ನುವುದನ್ನು ಹೇಳಲ್ಲ. 22 ಹೆಸರನ್ನೂ ಮೊದಲು ಬಾಗಿಲಿನ ಪ್ರಕಾರ ವಿಂಗಡಿಸಿ.

ಗಂಟೆ ನಮೂದಾದ ಟಿಕೆಟ್ ಇರುವಂಥವು ಮೊದಲನೇ ಗುಂಪು. ಸ್ಪೇನಿನ ಗ್ರನಾಡಾದ ಆಲ್‌ಹಂಬ್ರಾ ಇದಕ್ಕೆ ಒಳ್ಳೇ ಉದಾಹರಣೆ. ಕೋಟೆ, ತೋಟಗಳಿಗೆ ಸಮಯ ಸಡಿಲ. ಆದರೆ ಒಳಗಿನ ನಸ್ರಿದ್ ಅರಮನೆಗಳಿಗೆ ಟಿಕೆಟ್ಟಿನ ಮೇಲೆ ಬೇರೆಯೇ ಗಂಟೆ ಇರುತ್ತೆ. ಅದು ತಪ್ಪಿದರೆ ಉಳಿದದ್ದೆಲ್ಲ ನೋಡಬಹುದು, ಯಾವುದಕ್ಕಾಗಿ ಬಂದಿರೋ ಅದೇ ಇಲ್ಲ. ಹೊರ ದ್ವಾರದಿಂದ ಅರಮನೆಯ ಬಾಗಿಲಿಗೆ ನಡೆಯುವ ದೂರ ಗೊತ್ತಿಲ್ಲದೆ ಎಡವುವವರೇ ಹೆಚ್ಚು. ಟಿಕೆಟ್ ಹೆಸರಿನ ಮೇಲೆ ಇರುವುದರಿಂದ ಮೂಲ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.

ಎರಡನೇದು ವಾರದ ರಜೆ. ತಾಜ್ ಮಹಲ್ ಶುಕ್ರವಾರ, ದೆಹಲಿಯ ಲೋಟಸ್ ಟೆಂಪಲ್ ಸೋಮವಾರ, ಲೂವ್ರ್ ಮಂಗಳವಾರ, ಪ್ಯಾರಿಸ್ಸಿನಾಚೆ ಪ್ವಾಸಿಯಲ್ಲಿರುವ ವಿಲ್ಲಾ ಸವೊಯ್ ಸೋಮವಾರ, ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್ ಬುಧವಾರ. ಒಂದೊಂದಕ್ಕೂ ಒಂದೊಂದು ವಾರ. ಸೋಮವಾರ ಬಿಟ್ಟರಾಯ್ತು ಅನ್ನುವ ಒಂದೇ ಸೂತ್ರ ಹಿಡಿದು ಹೋದರೆ ಕೆಡುತ್ತೆ.

ಮೂರನೇದು ಋತು. ಕಾಡಿನ ನಡುವಿನ ಆಧುನಿಕ ಮನೆಗಳು ಚಳಿಗಾಲದಲ್ಲಿ ಮುಚ್ಚುತ್ತವೆ. ಫಿಲಿಪ್ ಜಾನ್ಸನ್ನರ ಗ್ಲಾಸ್ ಹೌಸ್ (1949) ಏಪ್ರಿಲ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಮಾತ್ರ, ಅದೂ ಹೆಚ್ಚಾಗಿ ಮಾರ್ಗದರ್ಶಿ ಜೊತೆಗಿನ ಸುತ್ತಿನಲ್ಲಿ.

ನಾಲ್ಕನೇದು ಕಟ್ಟಿದ ಉದ್ದೇಶಕ್ಕೇ ಇನ್ನೂ ಬಳಕೆಯಲ್ಲಿರುವ ಕಟ್ಟಡಗಳು. ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಎಂದರೆ ಹೈಕೋರ್ಟು, ವಿಧಾನಸಭೆ, ಸಚಿವಾಲಯ. ಗುರುತಿನ ಚೀಟಿ ತೋರಿಸಿ, ಮಾರ್ಗದರ್ಶಿಯ ಗುಂಪಿನ ಜೊತೆಯಲ್ಲೇ ಹೋಗಬೇಕು. ಆರಾಧನಾ ಸ್ಥಳಗಳೂ ಇದೇ ಸಾಲಿಗೆ ಸೇರುತ್ತವೆ. 2020ರಲ್ಲಿ ಇಸ್ತಾಂಬುಲ್ಲಿನ ಹಾಗಿಯಾ ಸೋಫಿಯಾ ಮತ್ತೆ ಮಸೀದಿಯಾಯಿತು. 2024ರ ಜನವರಿಯಿಂದ ಪ್ರವಾಸಿಗರಿಗೆ ಟಿಕೆಟ್ ಪಡೆದು ಮೇಲಿನ ಮೊಗಸಾಲೆ ಮಾತ್ರ. ನೆಲಮಟ್ಟದಲ್ಲಿ ನಿಂತು ಗುಮ್ಮಟ ನೋಡುವ ಹಳೆಯ ಮಾರ್ಗಸೂಚಿಗಳನ್ನು ನಂಬಿ ಹೋದರೆ ನಿರಾಸೆ.

ಐದನೇದು, ಈಗಲೂ ಸಂಸಾರ ಇರುವ ಖಾಸಗಿ ಮನೆ. ರಸ್ತೆಯಿಂದ ಕಂಡಷ್ಟೇ ನಿಮ್ಮದು. ಪಟ್ಟಿಯಿಂದ ತೆಗೆದುಬಿಡಿ, ಇಲ್ಲವೇ 'ಹೊರಗಿನಿಂದ' ಎಂದು ಗುರುತು ಹಾಕಿ.

ಈಗ ಒಂದು ಹಾಳೆಯಲ್ಲಿ ಗೀಟು ಹೊಡೆಯಿರಿ: ಹೆಸರು, ರಜೆಯ ವಾರ, ಬುಕಿಂಗ್ ಎಷ್ಟು ದಿನ ಮುಂಚೆ ತೆರೆಯುತ್ತೆ, ಒಳಗೆ ಬೇಕಾದ ಹೊತ್ತು, ಮುಂಭಾಗದ ದಿಕ್ಕು, ಮುಚ್ಚಿದ್ದರೆ ಬದಲಿ. ಮೊದಲನೇ ಗುಂಪಿನವನ್ನು ಮೊಳೆ ಹೊಡೆದ ಹಾಗೆ ಕೂರಿಸಿ. ಮಿಕ್ಕವು ಅವುಗಳ ಸುತ್ತ ತಾವಾಗಿ ಸೇರಿಕೊಳ್ಳುತ್ತವೆ. ವಿಮಾನದ ಟಿಕೆಟ್ ಕೊಳ್ಳುವುದು ಇದಾದ ಮೇಲೆ. ಬುಕಿಂಗ್ ತೆರೆಯುವ ಗಂಟೆ ಆ ಊರಿನ ಗಡಿಯಾರದ್ದು ಅನ್ನುವುದು ನೆನಪಿರಲಿ.

ಬಿಸಿಲುಕೋಲು

ಮೇಲಿನ ಹಾಳೆಯಲ್ಲಿ 'ಮುಂಭಾಗದ ದಿಕ್ಕು' ಅಂತ ಒಂದು ಕಾಲಂ ಸದ್ದಿಲ್ಲದೆ ಕೂತಿದೆ. ಅರ್ಧ ಪ್ರವಾಸ ಇರುವುದು ಅಲ್ಲೇ.

ನಡು ಮಧ್ಯಾಹ್ನ ಸೂರ್ಯ ಎಷ್ಟು ಎತ್ತರ ಅನ್ನುವುದಕ್ಕೆ ಉತ್ತರ ಗೋಳಾರ್ಧದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಮೇಲಿನ ಊರುಗಳಿಗೆ, ಸರಳ ಲೆಕ್ಕವಿದೆ. 90ರಿಂದ ಊರಿನ ಅಕ್ಷಾಂಶ ಕಳೆಯಿರಿ. ಜೂನ್ ಕೊನೆಯಾದರೆ 23.4 ಕೂಡಿಸಿ, ಡಿಸೆಂಬರ್ ಕೊನೆಯಾದರೆ 23.4 ಕಳೆಯಿರಿ, ಮಾರ್ಚ್ ಮತ್ತು ಸೆಪ್ಟೆಂಬರ್ 21ರ ಆಸುಪಾಸಿನಲ್ಲಿ ಏನೂ ಬೇಡ. ಪೂರ್ವ ಫ್ರಾನ್ಸಿನ 48 ಡಿಗ್ರಿಯಲ್ಲಿ ಡಿಸೆಂಬರಿನ ಸೂರ್ಯ 18-19 ಡಿಗ್ರಿಗಿಂತ ಮೇಲೇಳಲ್ಲ. ದಕ್ಷಿಣದ ಕಿಟಕಿಯಿಂದ ಬಂದ ಬೆಳಕು ಒಳಗೆ ಆಳಕ್ಕೆ ಚಾಚುತ್ತೆ. ಜೂನಿನಲ್ಲಿ 65, ಬೆಳಕು ಕಿಟಕಿಯ ಬುಡದಲ್ಲೇ ಬಿದ್ದು ಸುಮ್ಮನಾಗುತ್ತೆ. ಲ ಕಾರ್ಬ್ಯೂಸಿಯರ್‌ನ ರೋಂಶಾಂ ಚಾಪೆಲ್ಲಿನಲ್ಲಿ (1955) ದಪ್ಪ ದಕ್ಷಿಣ ಗೋಡೆಯ ಆ ಗೂಡು ಗೂಡಾದ ಕಿಟಕಿಗಳು ಋತುವಿಗೊಂದು ಥರ ಕಾಣುವುದು ಇದಕ್ಕೇ.

ಇನ್ನು ರೋಮಿನ ಪ್ಯಾಂಥಿಯಾನ್. ಗುಮ್ಮಟದ ಅಡ್ಡಳತೆ 43.3 ಮೀ., ನೆಲದಿಂದ ಎತ್ತರವೂ ಅಷ್ಟೇ, ನೆತ್ತಿಯಲ್ಲಿ ಸುಮಾರು 9 ಮೀ. ಕಂಡಿ. ಬಾಗಿಲು ಉತ್ತರಕ್ಕಿದೆ. ಚಳಿಗಾಲದಲ್ಲಿ ನಡು ಮಧ್ಯಾಹ್ನದ ಬೆಳಕಿನ ಬಿಲ್ಲೆ ಗುಮ್ಮಟದ ಒಳಮೈಯಲ್ಲೇ ಉಳಿಯುತ್ತೆ. ವಿಷುವದ (ಹಗಲು ರಾತ್ರಿ ಸಮನಾಗುವ ದಿನದ) ಹೊತ್ತಿಗೆ ಗುಮ್ಮಟ ಶುರುವಾಗುವ ಅಂಚಿಗೆ ಇಳಿಯುತ್ತೆ. ಏಪ್ರಿಲ್ 21ರ ಸುಮಾರಿಗೆ ಸರಿಯಾಗಿ ಬಾಗಿಲಿನ ಮೇಲೆ. ಬೇಸಿಗೆಯಲ್ಲಿ ನೆಲಕ್ಕೆ. ಹಾಗಾಗಿ 'ಮಧ್ಯಾಹ್ನ ಹೋಗಿ' ಅಂದರೆ ಸಾಲದು, ಯಾವ ತಿಂಗಳ ಮಧ್ಯಾಹ್ನ ಅಂತ ಕೇಳಬೇಕು.

ಗಡಿಯಾರದ 12 ಗಂಟೆಯೂ ಸೂರ್ಯನ ನಡು ಮಧ್ಯಾಹ್ನವೂ ಒಂದೇ ಅಲ್ಲ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುವುದರಿಂದ ಏಪ್ರಿಲ್‌ನ ರೋಮಿನಲ್ಲಿ ಅದು 1 ಗಂಟೆ 10 ನಿಮಿಷದ ಆಸುಪಾಸು. 12ಕ್ಕೆ ಹೋದವರು 12.30ರವರೆಗೆ ಕಾದು, ಏನೂ ಆಗಲಿಲ್ಲ ಅಂತ ಎದ್ದು ಬರುತ್ತಾರೆ. ಜುಲೈ ತಿಂಗಳ ಬಾರ್ಸಿಲೋನಾದಲ್ಲಿ ಅದು ಹತ್ತಿರ ಹತ್ತಿರ 2 ಗಂಟೆ. ಸಗ್ರಾದಾ ಫಮಿಲಿಯಾದಲ್ಲಿ ಪೂರ್ವದ ಗಾಜು ತಂಪು ನೀಲಿ-ಹಸಿರು, ಪಶ್ಚಿಮದ್ದು ಕೆಂಪು-ಕಿತ್ತಳೆ. ಆ ಕೆಂಪು ಕಂಬಗಳ ಮೇಲೆ ಹರಿಯುವುದನ್ನು ನೋಡಬೇಕಾದರೆ ಇಳಿಹೊತ್ತಿನ ಸ್ಲಾಟೇ ಬೇಕು. ಆ ಸ್ಲಾಟುಗಳು ಬೇಗ ಖಾಲಿಯಾಗುತ್ತವೆ.

ಮೂಲೆಗಲ್ಲು

ದಿಕ್ಕನ್ನು ಊಹಿಸಬಹುದಾ? ದೇವಾಲಯ ಪೂರ್ವಕ್ಕೆ ಮುಖ, ಗಾಥಿಕ್ ಚರ್ಚು ಪಶ್ಚಿಮಕ್ಕೆ, ಹೀಗೆ?

ಬಿಸಿಲುಕೋಲು

ಊಹಿಸಬೇಡಿ. ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ, ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಪೂರ್ವಕ್ಕೆ. ಫ್ರಾನ್ಸಿನ ಶಾರ್ಟ್ರ್ ಕೆಥೆಡ್ರಲ್ಲಿನ ಅಕ್ಷ ಚೆನ್ನಾಗಿಯೇ ಈಶಾನ್ಯಕ್ಕೆ ತಿರುಗಿದೆ, ಅದರ 'ಪಶ್ಚಿಮ' ಮುಂಭಾಗ ನಿಜಕ್ಕೂ ನೈಋತ್ಯಕ್ಕೆ. ಉಪಗ್ರಹ ಚಿತ್ರ ತೆರೆದು ಗೋಡೆಯ ಗುಂಟ ಅಳತೆಗೆರೆ ಎಳೆದರೆ ಅರ್ಧ ನಿಮಿಷದ ಕೆಲಸ.

ಮಸೀದಿಗಳಲ್ಲಿ ಕಿಬ್ಲಾ ಗೋಡೆ (ಮೆಕ್ಕಾದ ದಿಕ್ಕಿನ ಗೋಡೆ) ಹಿಡಿದು ಲೆಕ್ಕ ಹಾಕಬಹುದು. ಅಹಮದಾಬಾದಿನ ಸಿದಿ ಸಯ್ಯದ್ ಮಸೀದಿಯ (1573) ಮರ-ಬಳ್ಳಿ ಕೆತ್ತಿದ ಪ್ರಸಿದ್ಧ ಕಲ್ಲಿನ ಜಾಲಂಧ್ರ ಇರುವುದು ಪಶ್ಚಿಮದ ಗೋಡೆಯಲ್ಲಿ. ಒಳಗಿನಿಂದ ನೋಡುವವರಿಗೆ ಇಳಿ ಮಧ್ಯಾಹ್ನ, ಹೊರಗಿನ ಕಲ್ಲಿನ ಕೆತ್ತನೆ ನೋಡುವವರಿಗೂ ಇಳಿ ಮಧ್ಯಾಹ್ನವೇ. ಬೆಳಿಗ್ಗೆ ಹೋದರೆ ಎರಡೂ ಮಂಕು.

ತೊಲೆಕಂಬ

ಬಿಸಿಲಿನ ಬಗ್ಗೆ ಸ್ವಲ್ಪ ಅತಿಯಾಯಿತು ಅನ್ನಿಸುತ್ತೆ. ಆಳವಾದ ಕೆತ್ತನೆಗೆ ನೇರ ಬಿಸಿಲು ಶತ್ರು. ಅರ್ಧ ಮುಖ ಸುಣ್ಣ, ಅರ್ಧ ಮಸಿ. ತೆಳು ಮೋಡದ ದಿನ ಇಡೀ ಗೋಡೆ ಸಮನಾಗಿ ಓದಿಸಿಕೊಳ್ಳುತ್ತೆ. ಕಾಂಕ್ರೀಟಿಗಂತೂ ಮಳೆ ಬಂದರೂ ತೊಂದರೆಯಿಲ್ಲ. ಒದ್ದೆಯಾದಾಗ ಹಲಗೆಯ ಅಚ್ಚಿನ ಗೆರೆ, ಎರಕದ ಕೀಲು, ನೀರು ಎಲ್ಲಿಂದ ಇಳಿಯಬೇಕು ಅಂತ ವಿನ್ಯಾಸಕ ಅಂದುಕೊಂಡಿದ್ದ, ಎಲ್ಲಿಂದ ಇಳಿಯುತ್ತಿದೆ, ಎಲ್ಲ ಬಯಲಾಗುತ್ತೆ. ಗಾಜಿನ ಕಟ್ಟಡಕ್ಕೆ ಸೂರ್ಯ ಮುಳುಗಿದ ಮೇಲಿನ 20-30 ನಿಮಿಷ. ಹಗಲಿನಲ್ಲಿ ಗಾಜು ಬರೀ ಕನ್ನಡಿ, ಕತ್ತಲಾದ ಮೇಲೆ ಬರೀ ದೀಪ. ಒಳಗೂ ಹೊರಗೂ ಬೆಳಕು ಸಮತೂಕಕ್ಕೆ ಬರುವ ಆ ಸ್ವಲ್ಪ ಹೊತ್ತಿನಲ್ಲೇ ಒಳಗಿನ ಚಪ್ಪಡಿ, ಕಂಬ, ಮೆಟ್ಟಿಲು ಹೊರಗಿನಿಂದ ಕಾಣುವುದು.

ಅಂದರೆ ಮೋಡ ಕವಿದರೆ ದಿನ ಹಾಳು ಅಂತಲ್ಲ, ಅವತ್ತಿನ ಪಟ್ಟಿ ಬೇರೆ ಅಂತ. ಗಂಟೆ ಗೊತ್ತಾದ ಟಿಕೆಟ್ ಬಿಟ್ಟು ಮಿಕ್ಕವನ್ನು ಎರಡು ಚೀಟಿಯಲ್ಲಿ ಇಟ್ಟುಕೊಳ್ಳಿ: ಬಿಸಿಲಿನವು, ಮೋಡದವು. ಬೆಳಿಗ್ಗೆ ಎದ್ದು ಆಕಾಶ ನೋಡಿ ಚೀಟಿ ಆರಿಸಿ.

ಬಿಸಿಲುಕೋಲು

ಕೆತ್ತನೆಯ ವಿಷಯ ಒಪ್ಪಿದೆ. ಆದರೆ ಉಬ್ಬು ಕಡಿಮೆ ಇರುವ ಗೋಡೆಗೆ ಮೋಡದ ದಿನ ಹೋದರೆ ಏನೂ ಕಾಣಲ್ಲ. ಗೋಡೆಗೆ ಸವರಿಕೊಂಡು ಹೋಗುವ ಓರೆ ಬಿಸಿಲೇ ಬೇಕು.

ನೆಲನಕ್ಷೆ

22ರ ವಿಷಯಕ್ಕೆ ಬರೋಣ. ದಿನಕ್ಕೆ ನಿಜವಾಗಿ ಗಮನವಿಟ್ಟು ನೋಡಲು ಆಗುವುದು 5 ಗಂಟೆ. ಆಮೇಲೆ ಕಣ್ಣು ನೋಡುತ್ತೆ, ತಲೆ ನೋಡಲ್ಲ. ದೊಡ್ಡ ಸಂಕೀರ್ಣಕ್ಕೆ ಎರಡೂವರೆ ಗಂಟೆ. ಮಾರ್ಗದರ್ಶಿ ಕರೆದೊಯ್ಯುವ ಮನೆಗೆ ಸುತ್ತು ಒಂದು ಗಂಟೆಯಾದರೂ ಮುಂಚೆ ಅರ್ಧ, ಆಮೇಲೆ ಅರ್ಧ ಸೇರಿಸಿ ಎರಡು ಗಂಟೆ. ಚಿಕ್ಕದಕ್ಕೆ ಮುಕ್ಕಾಲು ಗಂಟೆ. ಮ್ಯಾಪು 35 ನಿಮಿಷದ ದಾರಿ ಅಂದರೆ 55 ಹಾಕಿಕೊಳ್ಳಿ, ಏಕೆಂದರೆ ಸಾಮಾನು ಕೊಠಡಿ, ಭದ್ರತಾ ಸಾಲು, ತಪ್ಪು ಗೇಟು ಮ್ಯಾಪಿಗೆ ಗೊತ್ತಿಲ್ಲ. 9 ದಿನದಲ್ಲಿ ಊರು ಬದಲಿಸಲು ಎರಡು ದಿನ ಹೋದರೆ ಉಳಿಯುವುದು 7 ದಿನ, 35 ಗಂಟೆ. ದೊಡ್ಡವು 7, ಮನೆಗಳು 5, ಚಿಕ್ಕವು 6 ಅಂದರೆ ಮೂವತ್ತೆರಡು ಗಂಟೆ. ಹದಿನೆಂಟಕ್ಕೇ ಹೊಟ್ಟೆ ತುಂಬಿತು. ನಾಲ್ಕನ್ನು ಈಗಲೇ ಕೈಬಿಡಿ, ಅಲ್ಲಿ ಹೋಗಿ ಬಿಡುವುದು ಕಷ್ಟ.

ಪ್ರತಿ ಕಟ್ಟಡದ ನೆಲನಕ್ಷೆ ಮತ್ತು ಒಂದು ಅಡ್ಡಕೊಯ್ತವನ್ನು (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ತೋರಿಸುವ ಚಿತ್ರ) ಎ5 ಹಾಳೆಯಲ್ಲಿ ಮುದ್ರಿಸಿ. ಉತ್ತರ ದಿಕ್ಕು ಬಾಣ ಹಾಕಿ, ನಿಲ್ಲಬೇಕಾದ ಐದು ಜಾಗಕ್ಕೆ ಅಂಕಿ ಕೊಡಿ. ಮಾರ್ಗದರ್ಶಿ ಸುತ್ತಿನಲ್ಲಿ ನಿಂತು ಯೋಚಿಸಲು ಬಿಡುವುದಿಲ್ಲ, ಹಿಂದಿನ ಗುಂಪು ತಳ್ಳುತ್ತಿರುತ್ತೆ. ನಕ್ಷೆ ಮೊದಲೇ ತಲೆಯಲ್ಲಿದ್ದರೆ ಮಾತ್ರ ನೋಡಬೇಕಾದ್ದು ಸಿಗುತ್ತೆ.

ವಿಲ್ಲಾ ಸವೊಯ್ (1931) ತೆಗೆದುಕೊಳ್ಳಿ. ಜನ ನೇರ ಮೇಲಿನ ತಾರಸಿಗೆ ಓಡುತ್ತಾರೆ. ನೆಲ ಅಂತಸ್ತಿನ ಗಾಜಿನ ಗೋಡೆ ಯಾಕೆ ಅರ್ಧವೃತ್ತವಾಗಿ ಬಾಗಿದೆ? ಕಾರು ಕಂಬಗಳ ನಡುವೆ ತೂರಿ ತಿರುಗಲು ಬೇಕಾದ ಅಳತೆ ಅದು. ಹೊರಗೆ ಕಾರಿನ ದಾರಿಯಲ್ಲೇ ಒಂದು ಸುತ್ತು ನಡೆದು, ಬಾಗಿಲಿಗೆ ಬಂದು, ಮೆಟ್ಟಿಲು ಬಿಟ್ಟು ಇಳಿಜಾರು ದಾರಿಯಲ್ಲೇ ಮೇಲಕ್ಕೆ ಹೋಗಿ. ಬರುವಾಗ ಸುರುಳಿ ಮೆಟ್ಟಿಲು. ಇಳಿಜಾರಿನಲ್ಲಿ ಕೋಣೆಗಳು ಒಂದಕ್ಕೊಂದು ಹೊಂದಿಕೊಂಡು ಕಾಣುತ್ತವೆ, ಮೆಟ್ಟಿಲಿನಲ್ಲಿ ಅಂತಸ್ತುಗಳು ತುಂಡು ತುಂಡಾಗುತ್ತವೆ. ಈ ಒಂದು ವ್ಯತ್ಯಾಸ ಕಾಲಿಗೆ ಗೊತ್ತಾದರೆ ಅಲ್ಲಿಗೆ ಹೋದದ್ದು ಸಾರ್ಥಕ.

ಚೀಲದಲ್ಲಿ 8 ಪಟ್ಟಿನ ಚಿಕ್ಕ ದುರ್ಬೀನು, 5 ಮೀ. ಟೇಪು, ಪೆನ್ಸಿಲ್, ದಪ್ಪ ಕಾಲುಚೀಲ. ಕಾಲುಚೀಲ ನಗುವ ವಿಷಯವಲ್ಲ, ಚಪ್ಪಲಿ ಬಿಟ್ಟು ಬಿಸಿ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವಾಗ ಇಡೀ ಹೊರಗೋಡೆ ಎರಡೇ ನಿಮಿಷಕ್ಕೆ ಮುಗಿದುಹೋಗುತ್ತೆ.

ಜಾಲಂಧ್ರ

ಫೋಟೋಗೆ ಒಂದು ಲೆಕ್ಕ. ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತವೆ. ಎತ್ತದೆ ಸಮನಾಗಿ ಹಿಡಿದು, ಫುಲ್ ಫ್ರೇಮಿನ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾ) 24 ಮಿ.ಮೀ. ಲೆನ್ಸಿನಲ್ಲಿ 30 ಮೀ. ಎತ್ತರದ ಮುಂಭಾಗ ಪೂರ್ತಿ ಬರಬೇಕಾದರೆ, ಕ್ಯಾಮೆರಾ ಉದ್ದುದ್ದ ಹಿಡಿದರೆ 38 ಮೀ., ಅಡ್ಡ ಹಿಡಿದರೆ 57 ಮೀ. ಹಿಂದೆ ನಿಲ್ಲಬೇಕು. ಎದುರಿನ ರಸ್ತೆ 12 ಮೀ. ಇದ್ದರೆ ನೇರ ಚಿತ್ರದ ಆಸೆ ಬಿಡಿ. ಮೂಲೆಯಿಂದ ಓರೆಯಾಗಿ ತೆಗೆಯಿರಿ, ಇಲ್ಲವೇ ಎದುರು ಕಟ್ಟಡದ ಎರಡನೇ ಮೂರನೇ ಅಂತಸ್ತಿನಲ್ಲಿ ಸಾರ್ವಜನಿಕರಿಗೆ ತೆರೆದ ಜಾಗ ಇದೆಯಾ ಅಂತ ಮೊದಲೇ ನೋಡಿಡಿ.

ಟ್ರೈಪಾಡಿಗೆ ಅನುಮತಿ ಇದೆ ಅಂತ ಬರೆದಿರದಿದ್ದರೆ ಇಲ್ಲ ಅಂತಲೇ ತಿಳಿಯಿರಿ. ಒಳಗಿನ ಕತ್ತಲೆಗೆ ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಬಿಟ್ಟು, ಮೂರು ಸಲ ಒತ್ತಿ. ನಡುವಿನದು ಸಾಮಾನ್ಯವಾಗಿ ನಿಲ್ಲುತ್ತೆ. ಮೆಕ್ಸಿಕೋ ನಗರದ ಲೂಯಿಸ್ ಬರ್ರಗಾನ್ ಮನೆಯಂಥ (1948) ಕಡೆ ಪ್ರವೇಶ ಮುಂಗಡ ಬುಕಿಂಗಿನಲ್ಲಿ, ಫೋಟೋಗೆ ಬೇರೆ ಶುಲ್ಕ. ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಕಮಾನುಗಲ್ಲು

ಇನ್ನೊಂದು ಮರೆತಿದ್ದೆ: ಕಟ್ಟಡ ಇದೆಯಾ? ತಮಾಷೆಯಲ್ಲ. ಟೋಕಿಯೋದ ನಕಗಿನ್ ಕ್ಯಾಪ್ಸೂಲ್ ಟವರ್ (1972, ಕಿಶೋ ಕುರೊಕಾವಾ) 2022ರಲ್ಲಿ ಕೆಡವಿದರು. 'ನೋಡಲೇಬೇಕಾದವು' ಅನ್ನುವ ಪಟ್ಟಿಗಳಲ್ಲಿ ಈಗಲೂ ಬದುಕಿದೆ. ಪ್ಯಾರಿಸ್ಸಿನ ಪಾಂಪಿದು ಸೆಂಟರ್ 2025ರಲ್ಲಿ ದುರಸ್ತಿಗೆ ಮುಚ್ಚಿದೆ, ತೆರೆಯುವ ಗುರಿ 2030.

ಸಾರುವೆ ಕಟ್ಟಿರುವುದನ್ನು ಪತ್ತೆ ಮಾಡಲು ಆಯಾ ಕಟ್ಟಡದ ಅಧಿಕೃತ ಪುಟದಲ್ಲಿ ದುರಸ್ತಿಯ ಸೂಚನೆ ಓದಿ, ಮ್ಯಾಪಿನ ಫೋಟೋಗಳನ್ನು 'ಹೊಸದು ಮೊದಲು' ಅಂತ ಜೋಡಿಸಿ ಕೊನೆಯ ಮೂರು ವಾರದ್ದು ದೊಡ್ಡದು ಮಾಡಿ ನೋಡಿ. ಚಿಕ್ಕ ಚಿತ್ರ ನಂಬಬೇಡಿ. ಸಾರುವೆಯ ಮೇಲೆ ಹೊದಿಸುವ ಬಟ್ಟೆಗೆ ಮುಂಭಾಗದ ಚಿತ್ರವನ್ನೇ ಮುದ್ರಿಸಿರುತ್ತಾರೆ, ಬೆರಳಗಲದಲ್ಲಿ ಅಸಲಿಯ ಹಾಗೇ ಕಾಣುತ್ತೆ. ಕಿಟಕಿಗಳಲ್ಲಿ ನೆರಳಿನ ಆಳ ಇಲ್ಲದಿದ್ದರೆ ಅದು ಬಟ್ಟೆ.

ತೊಲೆಕಂಬ

ತದ್ವಿರುದ್ಧವೂ ಇದೆ, ಮುಚ್ಚಿದ ಬಾಗಿಲು ತೆರೆಯುವ ದಿನಗಳು. ಯುರೋಪಿನ ಹೆರಿಟೇಜ್ ದಿನಗಳು ಹೆಚ್ಚಿನ ದೇಶಗಳಲ್ಲಿ ಸೆಪ್ಟೆಂಬರಿನಲ್ಲಿ. 1992ರಲ್ಲಿ ಶುರುವಾದ ಲಂಡನ್ನಿನ ಓಪನ್ ಹೌಸ್ ಕೂಡ ಸೆಪ್ಟೆಂಬರಿನಲ್ಲೇ. ಕಚೇರಿ, ಪಂಪ್‌ಹೌಸು, ಖಾಸಗಿ ಮನೆಗಳೂ ತೆರೆಯುತ್ತವೆ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ಹಿಂದಿನದು 2013, ಮುಂದಿನದು 2033. ಈಗಲೇ ಬರೆದಿಡಿ.

ಮೂಲೆಗಲ್ಲು

ಒಂದೇ ಒಂದು ದಿನವನ್ನು ಪೂರ್ತಿ ಹಾಕಿ ತೋರಿಸುತ್ತೀರಾ? ಪಟ್ಟಿಯಲ್ಲಿ ಗುಜರಾತಿನ ಮೊಢೇರಾ, ಪಾಟಣದ ರಾಣಿ ಕಿ ವಾವ್, ಅಡಾಲಜ್ ಬಾವಿ ಇವೆ. ಮೂರೂ ಒಂದೇ ದಿನ ಅಂತ ಹಾಕಿದ್ದೆ.

ಬಿಸಿಲುಕೋಲು

ಚಳಿಗಾಲ ಅಂದುಕೊಂಡು ಹೇಳುತ್ತೇನೆ. ಮೊಢೇರಾ ಸೂರ್ಯ ದೇವಾಲಯ (1026-27ರ ಕಾಲ) ಪೂರ್ವಾಭಿಮುಖ, ಕುಂಡ (ಮೆಟ್ಟಿಲುಗಳ ಕೊಳ) ಅದರ ಮುಂದೆ. ಕುಂಡದ ಪೂರ್ವದ ಅಂಚಿನಲ್ಲಿ ನಿಂತರೆ ಬೆನ್ನಿಗೆ ಸೂರ್ಯ, ಎದುರಿಗೆ ಮೆಟ್ಟಿಲುಗಳ ತ್ರಿಕೋನ ಸಾಲು, ಮೇಲೆ ಸಭಾಮಂಟಪ. ಬಾಗಿಲು ತೆಗೆದ ಮೊದಲ ಒಂದು ಗಂಟೆ ಇದಕ್ಕೆ. ಮೆಟ್ಟಿಲಿನ ನೆರಳು ಚೂಪಾಗಿರುವುದು ಅಷ್ಟೇ ಹೊತ್ತು. ಆಮೇಲೆ ಮಂಟಪದೊಳಗೆ ಒಂದು ಗಂಟೆ.

ಅಲ್ಲಿಂದ ಪಾಟಣ 35 ಕಿ.ಮೀ. ಸುಮಾರು. ರಾಣಿ ಕಿ ವಾವ್ ಕೂಡ ಪೂರ್ವದಿಂದಲೇ ಇಳಿಯುವುದು, ಹಾಗಾಗಿ ಅದೂ ಬೆಳಿಗ್ಗೆಯದ್ದೇ ಅನ್ನಿಸುತ್ತೆ. ಆದರೆ ಶಿಲ್ಪಗಳಿರುವುದು ಬಹುಪಾಲು ಪಕ್ಕದ ಗೋಡೆಗಳಲ್ಲಿ. ಬಾವಿ ಸುಮಾರು 64 ಮೀ. ಉದ್ದ, 20 ಅಗಲ, 27 ಆಳ. ಪಾಟಣದ ಅಕ್ಷಾಂಶ 24ರ ಹತ್ತಿರ, ಡಿಸೆಂಬರಿನ ನಡು ಮಧ್ಯಾಹ್ನ ಸೂರ್ಯ 43 ಡಿಗ್ರಿ. 20 ಮೀ. ಅಗಲಕ್ಕೆ ಉತ್ತರದ ಗೋಡೆಯ ಮೇಲೆ ಬಿಸಿಲು 18 ಮೀ. ಆಳದವರೆಗೆ ಇಳಿಯುತ್ತೆ, ತಳದ ಅಂತಸ್ತು ನೆರಳಲ್ಲೇ. ಮಂಟಪಗಳು, ಗೋಡೆಯ ಮೆಟ್ಟಿಲುಗಳು ಹಾಕುವ ನೆರಳು ಬೇರೆ, ಇದು ಅಂದಾಜು. ಜೂನಿನಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ, ಎರಡೂ ಗೋಡೆಗೆ ಬಿಸಿಲು ಸವರಿಕೊಂಡು ಹೋಗುತ್ತೆ. ಅಲ್ಲಿ ಸೂರ್ಯನ ನಡು ಮಧ್ಯಾಹ್ನ ಗಡಿಯಾರದಲ್ಲಿ 12.40ರ ಸುಮಾರು. 11ಕ್ಕೆ ಇಳಿದು 1.15ಕ್ಕೆ ಮೇಲೆ ಬನ್ನಿ. ಮೊದಲು ನೇರ ತಳದ ಕಡೆ ಹೋಗಿ, ಬಿಸಿಲು ಇಳಿದ ಹಾಗೆ ಉತ್ತರದ ಗೋಡೆ ನೋಡಿ. ನೆರಳಿನ ದಕ್ಷಿಣದ ಗೋಡೆ ಯಾವಾಗಲಾದರೂ ಆದೀತು, ಎದುರು ಗೋಡೆಯಿಂದ ಮರಳಿದ ಬೆಳಕು ಅದಕ್ಕೆ ಸಾಕು.

ನೆಲನಕ್ಷೆ

ಅಡಾಲಜ್ (1499) ಅದೇ ದಿನ ಬೇಡ. ಆ ಬಾವಿ ಉತ್ತರ-ದಕ್ಷಿಣ ಉದ್ದ, ಐದು ಅಂತಸ್ತು, ಮೇಲೆ ಚೌಕಟ್ಟುಗಳು ಒತ್ತೊತ್ತಾಗಿವೆ. ಪಾಟಣದಿಂದ ನೂರು ಕಿ.ಮೀ. ಮೀರಿದ ದಾರಿ, ತಲುಪುವಾಗ ನಾಲ್ಕಾಗುತ್ತೆ, ಕೆಳಗೆ ಕತ್ತಲೆ. ಅದು ಅಹಮದಾಬಾದಿಗೆ ಅಂಟಿಕೊಂಡೇ ಇದೆ. ಅಹಮದಾಬಾದಿನ ದಿನದಲ್ಲಿ 12ರಿಂದ 1.15 ಅದಕ್ಕೆ ಕೊಡಿ, ಇಳಿ ಮಧ್ಯಾಹ್ನ ಸಿದಿ ಸಯ್ಯದ್ ಜಾಲಂಧ್ರ. ಪಾಟಣದ ಹಿಂದಿನ ರಾತ್ರಿ ಮೆಹಸಾಣಾದಲ್ಲಿ ಉಳಿದರೆ ಮೊಢೇರಾ 25 ಕಿ.ಮೀ. ಅಷ್ಟೇ. ಅಹಮದಾಬಾದಿನಿಂದ ಹೊರಟರೆ ಆ ಮೊದಲ ಒಂದು ಗಂಟೆ ಹೆದ್ದಾರಿಯಲ್ಲೇ ಕಳೆದುಹೋಗುತ್ತೆ.

ಮೂಲೆಗಲ್ಲು

ಸರಿ, ಮೂರು ಬಾವಿ-ದೇವಾಲಯ ಎರಡು ದಿನಕ್ಕೆ ಒಡೆದೆ, ಉಳಿಯುವ ಊರು ಮೆಹಸಾಣಾ ಆಯಿತು, ಪಟ್ಟಿ 17ಕ್ಕೆ ಇಳಿಯಿತು. ದಿಕ್ಕಿನ ಕಾಲಂ ತುಂಬುತ್ತಿದ್ದೇನೆ. ಸರಕಾರಿ ಕಟ್ಟಡ ಎರಡರಲ್ಲಿ ಒಂದು ಕ್ಯಾಪಿಟಲ್ ಕಾಂಪ್ಲೆಕ್ಸೇ. ಅದು ಯಾವ ಚೀಟಿಗೆ, ಬಿಸಿಲಾ, ಮೋಡವಾ?

ತೊಲೆಕಂಬ

ಬಿಸಿಲಿಗೆ. ಅಲ್ಲಿನ ಬಿಸಿಲುತಡೆಗಳು ಕೆಲಸ ಮಾಡುತ್ತಿರುವುದನ್ನು ನೋಡಬೇಕಲ್ಲ. ಮಳೆ ಬಂದರೂ ಹೋಗಿ, ಕಾಂಕ್ರೀಟು ಅಂತ ಆಗಲೇ ಹೇಳಿದೆ. ಗುರುತಿನ ಚೀಟಿಯ ನಕಲು ಅಲ್ಲ, ಅಸಲು ಒಯ್ಯಿರಿ.